ಅನಾನಸು: ಅದರ ನೆಲ, ಅದರ ಬೆಳೆ ಮತ್ತು ಅದರ ನಾನಾ ಉಪಯೋಗಗಳು

ಶಿರಗುಪ್ಪಿ, ಕಾಗವಾಡ, ಉಗಾರ ಮೊದಲಾದ ಊರುಗಳ ಪೇಟೆಯಲ್ಲಿ ಮಾರಾಟಕ್ಕೆ ಬರುವ ಅನಾನಸಿನ ಹಣ್ಣು ಈ ಭಾಗದ ಹೊಲಗಳಲ್ಲಿ ಬೆಳೆದುದಲ್ಲ. ಅದು ಘಟ್ಟದ ಸೀಮೆಯಿಂದ, ಬಹುತರವಾಗಿ ಶಿರಸಿ, ಬನವಾಸಿ, ಸೊರಬ, ಸಾಗರಗಳ ಕಡೆಯಿಂದ ಬರತಕ್ಕದ್ದು. ಆದರೂ ವರ್ಷ ವರ್ಷವೂ ಒಂದೇ ಭೂಮಿಯಲ್ಲಿ ಕಬ್ಬು ನೆಟ್ಟು, ನೀರು ಹಾಯಿಸಿ, ಮಣ್ಣಿನ ಕಸುವು ಇಳಿಯುತ್ತ ಬಂದುದನ್ನು ಕಣ್ಣಾರೆ ಕಂಡ ಜಮೀನುದಾರರಲ್ಲಿ ಕೆಲವರು ‘ಕಬ್ಬಿಗೆ ಬದಲಾಗಿ ಅನಾನಸು ಹಾಕಿದರೆ ಹೇಗೆ?’ ಎಂದು ವಿಚಾರಿಸುವದುಂಟು. ಪ್ರಶ್ನೆಯು ಯೋಗ್ಯವಾದುದೇ. ಒಂದು ಎಕರೆಗೆ ಬೇಕಾಗುವ ಸಸಿಗಳ ಸಂಖ್ಯೆಯು ಸುಮಾರು 17,500. ಅವುಗಳ ಬೆಲೆ, ಸಾಗಾಣಿಕೆ, ನೆಡುವ ಕೂಲಿ ಇವೆಲ್ಲ ಕೂಡಿ ಮೊದಲ ವರ್ಷದಲ್ಲಿಯೇ ಕೈಬಿಟ್ಟು ಹೋಗುವ ಹಣ ದೊಡ್ಡದು. ಫಲವಾದರೋ ಒಂದೂವರೆ ವರ್ಷದ ಮೇಲಿನ ಮಾತು. ಆದುದರಿಂದ ಊರಿನ ಹಿರಿಯರೂ ಭೂಮಾಲಿಕರೂ ಈ ಹಣ್ಣಿನ ಸ್ವಭಾವವನ್ನು ಮೊದಲು ತಿಳಿದುಕೊಂಡು, ಆ ಮೇಲೆ ಹೊಲದ ಮಾತನ್ನು ಎತ್ತುವದು ಒಳ್ಳೆಯದು.

ಅನಾನಸು ನಮ್ಮ ದೇಶದ ಮೂಲದ ಗಿಡವಲ್ಲ. ದಕ್ಷಿಣ ಅಮೇರಿಕದಲ್ಲಿ ಪರಾನಾ ಮತ್ತು ಪರಾಗ್ವೆ ನದಿಗಳು ಹರಿಯುವ ಪ್ರದೇಶವು ಅದರ ತವರು. ಅಲ್ಲಿಯ ಟುಪಿ ಜನರ ನುಡಿಯಲ್ಲಿ ಅದಕ್ಕೆ ‘ನಾನಾಸ್’ ಎಂದು ಹೆಸರು; ನಾವು ಇಂದಿಗೂ ಆಡುವ ಮಾತು ಅದೇ. ಕೊಲಂಬಸನು 1493ರಲ್ಲಿ ಗ್ವಾಡೆಲೂಪ್ ದ್ವೀಪದಲ್ಲಿ ಇಳಿದಾಗ ಯುರೋಪಿಯನ್ನರು ಈ ಹಣ್ಣನ್ನು ಮೊದಲು ಕಂಡರು. ಪೋರ್ತುಗೀಜರು ಹದಿನಾರನೆಯ ಶತಮಾನದಲ್ಲಿ ಅದನ್ನು ನಮ್ಮ ಪಡುವಣ ಕರಾವಳಿಗೆ ತಂದರು. ಜಹಾಂಗೀರ ಬಾದಶಹನು ತನ್ನ ಆತ್ಮಕಥೆಯಲ್ಲಿ ಫರಂಗಿಯವರ ಬಂದರುಗಳಲ್ಲಿ ಬೆಳೆಯುವ ಅನಾನಸು ಆಗ್ರಾದ ತೋಟದಲ್ಲಿ ವರ್ಷಕ್ಕೆ ಸಾವಿರಗಟ್ಟಲೆ ದೊರೆಯುತ್ತಿದ್ದುದನ್ನು ಬರೆದಿಟ್ಟಿರುವನು. ಬಾದಶಹನ ತೋಟಕ್ಕೆ ನೀರಿನ ಚಿಂತೆಯಾಗಲಿ ಕೂಲಿಯ ಚಿಂತೆಯಾಗಲಿ ಇರಲಿಲ್ಲವೆಂಬುದನ್ನು ಒಕ್ಕಲಿಗನು ಮರೆಯತಕ್ಕದ್ದಲ್ಲ.

ಗಿಡದ ರಚನೆಯು ವಿಚಿತ್ರವಾದುದು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಕತ್ತಾಳೆಯಂತೆ ಉದ್ದನ್ನ ಎಲೆಗಳು ಸುತ್ತಲೂ ಹರಡಿಕೊಂಡಿರುವವು. ಅವುಗಳ ನಡುವಿನಿಂದ ದಂಟು ಹೊರಟು, ಅದರ ತುದಿಯಲ್ಲಿ ನೂರರಿಂದ ಇನ್ನೂರರಷ್ಟು ಚಿಕ್ಕ ನೇರಿಳೆ ಬಣ್ಣದ ಹೂಗಳು ಬಿಡುವವು. ಈ ಹೂಗಳ ಕಾಯಿಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ಒಂದೇ ಹಣ್ಣಾಗುವವು. ಹಣ್ಣಿನ ಮೈಮೇಲೆ ಕಾಣುವ ಒಂದೊಂದು ‘ಕಣ್ಣೂ’ ಒಂದೊಂದು ಹೂವಿನ ಗುರುತು. ತೋಟದ ಅನಾನಸಿನಲ್ಲಿ ಬೀಜಗಳು ಸಾಮಾನ್ಯವಾಗಿ ಇರುವದಿಲ್ಲ. ಬುಡದಿಂದ ಒಡೆಯುವ ಕಂದು, ಹಣ್ಣಿನ ಕೆಳಗಿನ ದಂಟಿನಲ್ಲಿ ಒಡೆಯುವ ಮರಿ, ಹಣ್ಣಿನ ತಲೆಯ ಮೇಲಿನ ಜುಟ್ಟು, ಈ ಮೂರರಿಂದಲೇ ವಂಶವು ಬೆಳೆಯಬೇಕು.

ಈ ಗಿಡವು ಕಡಿಮೆ ನೀರಿನಲ್ಲಿ ಬಾಳುವ ಬಗೆಯೂ ತಿಳಿಯತಕ್ಕದ್ದಾಗಿದೆ. ಸಾಮಾನ್ಯ ಬೆಳೆಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮ ರಂಧ್ರಗಳನ್ನು ತೆರೆದು ಗಾಳಿಯನ್ನು ಒಳಗೆ ಎಳೆದುಕೊಳ್ಳುವವು. ಆಗ ಬಿಸಿಲಿಗೆ ಬಹಳ ನೀರು ಆವಿಯಾಗಿ ಹೊರಟುಹೋಗುವದು. ಅನಾನಸು ಹಗಲಿನಲ್ಲಿ ಬಹುಮಟ್ಟಿಗೆ ಬಾಯಿ ಮುಚ್ಚಿಕೊಂಡಿದ್ದು, ರಾತ್ರಿ ತಂಪಾದ ಮೇಲೆ ರಂಧ್ರಗಳನ್ನು ತೆರೆದು, ಎಳೆದುಕೊಂಡ ಗಾಳಿಯನ್ನು ಹುಳಿಯ ರೂಪದಲ್ಲಿ ಎಲೆಯಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ ಅದರಿಂದ ಸಕ್ಕರೆ ಮಾಡಿಕೊಳ್ಳುವದು. ಆದ್ದರಿಂದಲೇ ಅದರ ಎಲೆಯ ರಸವು ನಸುಕಿನಲ್ಲಿ ಹೆಚ್ಚು ಹುಳಿಯಾಗಿಯೂ ಸಂಜೆಗೆ ಕಡಿಮೆ ಹುಳಿಯಾಗಿಯೂ ಇರುವದು. ‘ಕಬ್ಬಿಗಿಂತ ಎಷ್ಟೋ ಕಡಿಮೆ ನೀರು ಸಾಕು’ ಎಂದು ಅನಾನಸನ್ನು ಹೊಗಳುವ ಮಾತು ಇದರ ಮೇಲಿಂದ ಹುಟ್ಟಿದುದು. ಮಾತು ನಿಜ. ಆದರೆ ನೀರು ಕಡಿಮೆ ಸಾಕೆಂಬುದರಿಂದ ಯಾವ ನೆಲವಾದರೂ ಸಾಕೆಂದು ಆಗಲಿಲ್ಲ. ಶಿರಗುಪ್ಪಿಯ ಪ್ರಶ್ನೆಯ ಗಂಟು ಇರುವದು ಇಲ್ಲಿಯೇ.

ಅನಾನಸಿಗೆ ಬೇಕಾದುದು ಹುಳಿ ಗುಣದ, ಸಡಿಲಾದ, ನೀರು ನಿಲ್ಲದ ಮಣ್ಣು. ಮಣ್ಣಿನ ರಸಸಾರವು 5ರಿಂದ 6ರವರೆಗೆ ಇದ್ದರೆ ಉತ್ತಮ. ಘಟ್ಟದ ಮೇಲಿನ ಕೆಂಪು ಜಂಬಿಟ್ಟಿಗೆ ಮಣ್ಣು ಅದಕ್ಕೆ ಹೇಳಿಮಾಡಿಸಿದಂತಿರುವದು. ವರ್ಷಕ್ಕೆ 1,000ದಿಂದ 1,500 ಮಿಲಿಮೀಟರು ಮಳೆ, ಅತಿಯಾಗದ ಬಿಸಿಲು, ಹಗುರ ನೆರಳು ಇವಿಷ್ಟು ದೊರೆತರೆ ಅದು ಹುಲುಸಾಗಿ ಬೆಳೆಯುವದು. ಶಿರಗುಪ್ಪಿಯ ಸುತ್ತಣ ಭೂಮಿಯಾದರೋ ಬಹುಭಾಗ ಆಳವಾದ ಎರೆ. ಅದು ಮಳೆಗಾಲದಲ್ಲಿ ಅಂಟಾಗಿ ನೀರನ್ನು ಹಿಡಿದುಕೊಳ್ಳುವದು. ಬೇಸಿಗೆಯಲ್ಲಿ ಬಿರಿದು ಬೇರುಗಳನ್ನು ಹರಿಯುವದು. ಅದರಲ್ಲಿ ಸುಣ್ಣದ ಅಂಶವಿದ್ದು, ರಸಸಾರವು 8ರ ಆಚೆಗೂ ಹೋಗುವದುಂಟು. ಮಳೆಯ ಪ್ರಮಾಣವು ವರ್ಷಕ್ಕೆ 600 ಮಿಲಿಮೀಟರನ್ನು ಮುಟ್ಟುವದೇ ವಿರಳ. ನದಿಯ ನೀರು ಬೇಕಾದಷ್ಟು ಬಂದ ಮೇಲೆ ತಗ್ಗಿನ ಹೊಲಗಳಲ್ಲಿ ಜೌಗೂ ಸವಳೂ ಹೆಚ್ಚಿದುದು ಕೃಷ್ಣಾತೀರದ ಒಕ್ಕಲಿಗರಿಗೆಲ್ಲ ತಿಳಿದ ಸಂಗತಿಯಾಗಿದೆ. ಅನಾನಸು ಜೌಗನ್ನೂ ತಡೆಯದು, ಸವಳನ್ನೂ ತಡೆಯದು. 2005, 2019 ಮತ್ತು 2021ರಂತಹ ಮಹಾಪೂರದ ವರ್ಷಗಳಲ್ಲಿ ತೀರದ ಹೊಲಗಳಲ್ಲಿ ನೀರು ನಿಂತಾಗ ಕಬ್ಬು ಹಾಗೂ ಹೀಗೂ ತಲೆಯೆತ್ತಿಕೊಂಡು ನಿಂತೀತು. ಅನಾನಸಿನ ಬೇರು ಮಾತ್ರ ಕೆಲವೇ ದಿನಗಳಲ್ಲಿ ಕೊಳೆತುಹೋಗುವದು.

ಸುಣ್ಣದ ನೆಲದಲ್ಲಿ ನೆಟ್ಟ ಅನಾನಸಿಗೆ ಮೊದಲು ತಗಲುವ ಬೇನೆಯು ಎಲೆ ಹಳದಿಯಾಗುವದು. ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಗಿಡದ ಬೇರಿಗೆ ಅದು ಸಿಗುವದಿಲ್ಲ. ಹವಾಯಿ ದ್ವೀಪಗಳಲ್ಲಿ ಇಂತಹುದೇ ಬೇನೆ, ಅಲ್ಲಿಯ ಮಣ್ಣಿನಲ್ಲಿದ್ದ ಅತಿಯಾದ ಮ್ಯಾಂಗನೀಸಿನ ದೆಸೆಯಿಂದ, ತೋಟಗಳನ್ನು ಕಾಡುತ್ತಿತ್ತು. ಅನ್ನಭೇದಿಯನ್ನು ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಗಿಡವು ಹಸಿರಾಗುವದೆಂದು 1916ರ ಸುಮಾರಿಗೆ ಅಲ್ಲಿ ಕಂಡುಕೊಂಡರು; ಇಂದಿಗೂ ಆ ಉಪಾಯವೇ ನಡೆದಿದೆ. ಹಿತ್ತಲಿನ ಹತ್ತು ಗಿಡಗಳಿಗೆ ಹೀಗೆ ಉಪಚಾರ ಮಾಡುವದು ಸುಲಭ. ಎಕರೆಗಟ್ಟಲೆ ತೋಟವನ್ನು ಹುಟ್ಟಿದಂದಿನಿಂದ ಔಷಧದ ಮೇಲೆಯೇ ಬದುಕಿಸುವದು ಒಕ್ಕಲುತನವಲ್ಲ.

ಮಿರಜದಿಂದ ಲೋಂಡೆಯ ಕಡೆಗೆ ಹೋಗುವ ರೈಲಿನಲ್ಲಿ ಶೇಡಬಾಳ ಅಥವಾ ಉಗಾರದಲ್ಲಿ ಹತ್ತಿ ಖಾನಾಪುರದಲ್ಲಿ ಇಳಿದವನಿಗೆ ಒಂದೇ ಜಿಲ್ಲೆಯಲ್ಲಿ ಎರಡು ದೇಶಗಳನ್ನು ಕಂಡಂತಾಗುವದು. ಇತ್ತ ಎರೆ, ಕಬ್ಬು, ಬಿಸಿಲು. ಅತ್ತ ಕೆಂಪು ಮಣ್ಣು, ಭತ್ತ, ಕಾಡು, ಇಲ್ಲಿಯದಕ್ಕಿಂತ ಎರಡು ಮೂರು ಪಟ್ಟು ಮಳೆ. ಬೆಳಗಾವಿ ಜಿಲ್ಲೆಯಲ್ಲಿ ಅನಾನಸಿನ ಹೊಲವನ್ನು ಹೂಡಬೇಕೆಂದರೆ ಅದು ಖಾನಾಪುರದ ಕಡೆಯ ಇಳಿಜಾರು ನೆಲದಲ್ಲಿ ಹೂಡತಕ್ಕದ್ದು. ಅಲ್ಲಿಂದ ತೆಂಕಲಾಗಿ ಹೋದರೆ ಉತ್ತರ ಕನ್ನಡದ ಶಿರಸಿ ತಾಲೂಕು. ಅದರ ಮೂಡಲ ಅಂಚಿನಲ್ಲಿ ವರದಾ ನದಿಯ ತೀರದ ಬನವಾಸಿ. ಕದಂಬರ ರಾಜಧಾನಿಯೆಂದು ಹೆಸರಾದ ಈ ಊರು ಈಗ ಅನಾನಸಿನಿಂದಲೂ ಹೆಸರುವಾಸಿಯಾಗಿದೆ. ಅಲ್ಲಿಯ ಒಕ್ಕಲಿಗರು ಸಾಧಾರಣ ನೆಲವನ್ನು ಸಾಗುವಳಿಗೆ ತಂದು, ಕಂದುಗಳನ್ನು ಸಾಲುಸಾಲಾಗಿ ನೆಟ್ಟು, ಲಾರಿಗಟ್ಟಲೆ ಹಣ್ಣನ್ನು ದಿಲ್ಲಿಯವರೆಗೆ ಕಳಿಸುತ್ತ ಬಂದಿರುವರು.

ಬನವಾಸಿಯಿಂದ ಕಲಿಯತಕ್ಕ ಪಾಠವು ಎರಡು ಬಗೆಯದು. ಮೊದಲನೆಯದು ಸಾಗುವಳಿಯ ಕ್ರಮ. ನೆಲವನ್ನು ಚೆನ್ನಾಗಿ ಉತ್ತು ಹರಗಿ, ಇಳಿಜಾರಿಗೆ ಅಡ್ಡಲಾಗಿ ಒಂದು ಗೇಣಿನಷ್ಟು ಆಳದ ಕಾಲುವೆಗಳನ್ನು ತೆಗೆದು, ಕೂಡು ಸಾಲುಗಳಲ್ಲಿ ಸಸಿಗಳನ್ನು ನೆಡಬೇಕು. ಸಾಲಿನೊಳಗೆ ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರು, ಕೂಡು ಸಾಲುಗಳ ನಡುವೆ 60, ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ 90 ಸೆಂಟಿಮೀಟರು ಅಂತರವಿಟ್ಟರೆ ಮೇಲೆ ಹೇಳಿದ 17,500 ಗಿಡಗಳ ಲೆಕ್ಕವು ಸರಿಹೋಗುವದು. ಕಂದುಗಳು ಐದಾರು ತಿಂಗಳಿನವಾಗಿದ್ದು, ತೂಕದಲ್ಲಿ ಸುಮಾರು 450 ಗ್ರಾಂ ಇರಬೇಕು. ಚಿಕ್ಕದು ದೊಡ್ಡದು ಕೂಡಿಸಿ ನೆಟ್ಟವನು ಹಣ್ಣನ್ನೂ ಹಾಗೆಯೇ ಕೊಯ್ಯಬೇಕಾಗುವದು. ಆದ್ದರಿಂದ ತೂಕವಾರು ಬೇರ್ಪಡಿಸಿ ಬೇರೆ ಬೇರೆ ಮಡಿಗಳಲ್ಲಿ ನೆಡುವದು ಜಾಣತನ. ಕಿತ್ತು ತಂದ ಕಂದುಗಳನ್ನು ಕೆಲವು ದಿನ ನೆರಳಿನಲ್ಲಿ ಹರಡಿ, ಗಾಯ ಒಣಗಿದ ಬಳಿಕ ಕೆಳಗಿನ ಒಣ ಎಲೆಗಳನ್ನು ಸುಲಿದು ನೆಟ್ಟರೆ ಕೊಳೆರೋಗವು ಕಡಿಮೆಯಾಗುವದು. ನೆಡಲು ಮೃಗಶಿರೆಯ ಹೊತ್ತು ಒಳ್ಳೆಯದು. ಜಡಿಮಳೆಯಲ್ಲಿ ನೆಡುವದು ಸರ್ವಥಾ ಕೂಡದು, ಸಸಿಯ ನಡುಗುಳಿಯಲ್ಲಿ ಕೆಸರು ತುಂಬಿ ಸುಳಿ ಕೊಳೆಯುವದು.

ಗೊಬ್ಬರದ ವಿಷಯದಲ್ಲಿ ಈ ಬೆಳೆಯು ಸಾರಜನಕವನ್ನೂ ಪೊಟ್ಯಾಶನ್ನೂ ಬಹಳ ಬೇಡುವದು. ರಂಜಕವನ್ನು ಅಷ್ಟಾಗಿ ಬೇಡದು. ಗಿಡವೊಂದಕ್ಕೆ ಸಾರಜನಕ 12 ಗ್ರಾಂ, ಪೊಟ್ಯಾಶ್ 12 ಗ್ರಾಂ, ಇವನ್ನು ಒಮ್ಮೆಲೆ ಸುರಿಯದೆ ನಾಲ್ಕಾರು ಕಂತುಗಳಲ್ಲಿ ಕೊಡತಕ್ಕದ್ದು. ಕಳೆ ತೆಗೆದು ಬುಡಕ್ಕೆ ಮಣ್ಣೇರಿಸದಿದ್ದರೆ ಹಣ್ಣಿನ ಭಾರಕ್ಕೆ ಗಿಡವು ಮಗ್ಗುಲಾಗುವದು, ಏಕೆಂದರೆ ಬೇರುಗಳು ಮೇಲುಮೇಲೆಯೇ ಇರುವವು. ಹಿಟ್ಟುತಿಗಣೆಯು ಬುಡದಲ್ಲಿ ಸೇರಿಕೊಂಡು ಬಾಡುರೋಗವನ್ನು ತರುವದು. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತುಕೊಂಡು ತಿರುಗುವವು ಇರುವೆಗಳು. ಇರುವೆಯನ್ನು ತಡೆದರೆ ತಿಗಣೆಯನ್ನು ಅರ್ಧ ತಡೆದಂತಾಯಿತು.

ಒಂದು ಕೌತುಕದ ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಜೋರ್ಸ್ ದ್ವೀಪಗಳ ಗಾಜಿನ ಮನೆಗಳಲ್ಲಿ ಅನಾನಸು ಬೆಳೆಯುತ್ತಿದ್ದವರಿಗೆ, ಹೊಗೆ ತುಂಬಿದ ಮನೆಯ ಗಿಡಗಳೆಲ್ಲ ಒಟ್ಟಿಗೆ ಹೂ ಬಿಡುವದು ಕಂಡುಬಂದಿತು. ಹೊಗೆಯಲ್ಲಿದ್ದ ಎಥಿಲೀನ್ ಅನಿಲವು ಅದಕ್ಕೆ ಕಾರಣವೆಂದು ಮುಂದೆ ತಿಳಿಯಿತು. ಇಂದು ಅದೇ ಕೆಲಸಕ್ಕೆ ಎಥೆಫಾನ್ ಎಂಬ ಔಷಧವನ್ನು ಉಪಯೋಗಿಸುವರು: ಗಿಡಕ್ಕೆ 35-40 ಎಲೆಗಳಾದಾಗ, ಹತ್ತು ಲಕ್ಷ ಪಾಲು ನೀರಿಗೆ 25 ಪಾಲು ಎಥೆಫಾನ್, ಅದರ ಸಂಗಡ ನೂರಕ್ಕೆ 2ರಂತೆ ಯೂರಿಯಾ, ಅತ್ಯಲ್ಪ ಸೋಡಿಯಂ ಕಾರ್ಬೊನೇಟು ಕೂಡಿಸಿ, ಗಿಡದ ಸುಳಿಗೆ 50 ಮಿಲಿಲೀಟರು ಹೊಯ್ಯುವರು. ತೋಟವೆಲ್ಲ ಏಕಕಾಲಕ್ಕೆ ಹೂ ಹಿಡಿಯುವದು. ಅನುಕೂಲವೂ ಇದೇ, ಅಪಾಯವೂ ಇದೇ.

ಬನವಾಸಿಯ ಎರಡನೆಯ ಪಾಠಕ್ಕೂ ಇದಕ್ಕೂ ಸಂಬಂಧವಿದೆ. ಎಕರೆಯ 17,500 ಗಿಡಗಳಲ್ಲಿ ನೂರಕ್ಕೆ ಎಂಬತ್ತು ಗಿಡಗಳು ಮಾತ್ರ ಒಂದೂವರೆ ಕಿಲೋದ ಹಣ್ಣು ಕೊಟ್ಟವೆಂದು ಹಿಡಿದರೂ 21 ಟನ್ನು ಹಣ್ಣಾಗುವದು. ಅದು ಕೆಲವೇ ವಾರಗಳಲ್ಲಿ ಕೊಯ್ಲಿಗೆ ಬರುವದು. ಅನಾನಸು ಬಾಳೆ ಮಾವುಗಳ ಜಾತಿಯದಲ್ಲ. ಕಾಯಿಯಾಗಿ ಕೊಯ್ದಿಟ್ಟರೆ ಬಣ್ಣ ಬಂದೀತೇ ಹೊರತು ಸಿಹಿ ಏರದು. ಬಲಿತು ಕೊಯ್ದರೆ ಬಹಳ ದಿನ ತಡೆಯದು. 2020ರ ಬೇಸಿಗೆಯಲ್ಲಿ ಕೊರೋನಾ ಬೇನೆಯ ಸಲುವಾಗಿ ದೇಶದ ಪೇಟೆಗಳೂ ಸಾರಿಗೆಯೂ ನಿಂತುಹೋದಾಗ ಬನವಾಸಿ ಸೀಮೆಯ ಬೆಳೆಗಾರರ ಹಣ್ಣು ಹೊಲದಲ್ಲಿಯೇ ಕೊಳೆಯಿತು. ಭೂಮಿ ಅನುಕೂಲ, ಮಳೆ ಅನುಕೂಲ, ಕೈಯೂ ಪಳಗಿದುದು. ಆದರೂ ಹಾನಿ ತಪ್ಪಲಿಲ್ಲ. ಕಾಗವಾಡ, ಅಥಣಿಗಳ ದ್ರಾಕ್ಷಿಯ ಒಕ್ಕಲಿಗನು ಪೇಟೆಯ ಧಾರಣೆ ಕುಸಿದಾಗ ಹಣ್ಣನ್ನು ಒಣಗಿಸಿ ಮಣೂಕ ಮಾಡಿ ಕಾದುಕೊಳ್ಳಬಲ್ಲನು. ಕಬ್ಬಿನವನಿಗೆ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಂಪನಿಯ ಕಾರಖಾನೆಯು ಹತ್ತಿರದಲ್ಲಿಯೇ ಇದೆ, ಬೆಲ್ಲದ ಗಾಣವೂ ಇದೆ. ಅನಾನಸಿನವನಿಗೆ ಹತ್ತಿರದಲ್ಲಿ ಹಣ್ಣು ಸಂಸ್ಕರಿಸುವ ಕಾರಖಾನೆ ಇಲ್ಲದಿದ್ದರೆ ಅಂಥ ಆಧಾರವಿಲ್ಲ. ಕಾರಖಾನೆಯಿದ್ದರೂ ಅದು ಶಾಶ್ವತವೆಂದು ನಂಬುವ ಹಾಗಿಲ್ಲ. ಒಂದು ಕಾಲಕ್ಕೆ ಲೋಕಕ್ಕೆಲ್ಲ ಡಬ್ಬಿಯ ಅನಾನಸು ಒದಗಿಸುತ್ತಿದ್ದ ಹವಾಯಿಯಲ್ಲಿ, ಕೂಲಿಯೂ ಭೂಮಿಯ ಬೆಲೆಯೂ ಏರಿದುದರಿಂದ, ಮಾವಿ ದ್ವೀಪದ ಕೊನೆಯ ಡಬ್ಬಿ ಕಾರಖಾನೆಯು 2007ರಲ್ಲಿ ಮುಚ್ಚಿತು. ಹೀಗಿರಲು ಸಸಿ ಕೊಳ್ಳುವ ಮೊದಲು ಹಣ್ಣು ಕೊಳ್ಳುವವನನ್ನು ಗೊತ್ತುಮಾಡಿಕೊಳ್ಳುವದೂ, ತೋಟವನ್ನು ಮೂರು ನಾಲ್ಕು ಭಾಗ ಮಾಡಿ ತಿಂಗಳ ಅಂತರದಿಂದ ಹೂ ಹಿಡಿಸುವದೂ ಅವಶ್ಯ.

ಈಗ ಹಣ್ಣಿನ ಉಪಯೋಗಗಳ ವಿಚಾರ. ನಮ್ಮಲ್ಲಿ ಮುಖ್ಯವಾಗಿ ಎರಡು ಜಾತಿಗಳಿವೆ. ‘ಕ್ಯೂ’ ಎಂಬುದು ದೊಡ್ಡದು, ಒಂದೂವರೆಯಿಂದ ಮೂರು ಕಿಲೋ ತೂಗುವದು, ರಸ ಹೆಚ್ಚು, ಕಣ್ಣುಗಳು ಮೇಲುಮೇಲೆ ಇರುವದರಿಂದ ಸಿಪ್ಪೆಯೊಡನೆ ತಿರುಳು ಹೋಗದು. ಡಬ್ಬಿಗೆ ಇದೇ ತಕ್ಕುದು. ‘ಕ್ವೀನ್’ ಎಂಬುದು ಒಂದು ಕಿಲೋದ ಆಚೀಚಿನದು, ಮುಳ್ಳಿನ ಎಲೆಯದು, ಕಣ್ಣು ಆಳ. ಆದರೆ ಪರಿಮಳದಲ್ಲಿಯೂ ಸಿಹಿಯಲ್ಲಿಯೂ ಮೇಲು, ಹಾಗೆಯೇ ತಿನ್ನಲು ಒಳ್ಳೆಯದು. ಹಣ್ಣಿನ ನೂರು ಪಾಲಿನಲ್ಲಿ ಸುಮಾರು 86 ಪಾಲು ನೀರು, 13 ಪಾಲು ಸಕ್ಕರೆ ಮೊದಲಾದವು. ಸಿ ಜೀವಸತ್ವವು 100 ಗ್ರಾಂ ತಿರುಳಿಗೆ 48 ಮಿಲಿಗ್ರಾಂನಷ್ಟು. ಬುಡದ ಭಾಗವು ಮೊದಲು ಹಣ್ಣಾಗುವದರಿಂದ ಅಲ್ಲಿ ಸಿಹಿ ಹೆಚ್ಚು, ಜುಟ್ಟಿನ ಕಡೆ ಕಡಿಮೆ. ಆದ್ದರಿಂದ ಅತಿಥಿಗಳಿಗೆ ಹಂಚುವಾಗ ಅಡ್ಡ ಬಿಲ್ಲೆಗಳಾಗಿ ಕೊಯ್ಯದೆ ಉದ್ದ ಹೋಳು ಮಾಡಿದರೆ ಎಲ್ಲರಿಗೂ ಸಮನಾಗಿ ರುಚಿ ಸಿಗುವದು.

ಹಸಿಯ ಅನಾನಸನ್ನು ಹೆಚ್ಚು ತಿಂದರೆ ನಾಲಗೆಯು ಒರಟಾಗಿ ಉರಿಯುವದು ಎಲ್ಲರ ಅನುಭವ. ಅದರಲ್ಲಿ ಬ್ರೊಮೆಲೇನ್ ಎಂಬ, ಮಾಂಸದ ಅಂಶವನ್ನು ಕರಗಿಸುವ ಒಂದು ಕಿಣ್ವವಿದೆ. ಈ ಕಿಣ್ವದ ದೆಸೆಯಿಂದಲೇ ಹಸಿ ಹಣ್ಣನ್ನು ಹಾಲಿಗೆ ಕೂಡಿಸಿದರೆ ಹಾಲು ಒಡೆಯುವದು, ಸ್ವಲ್ಪ ಹೊತ್ತಿನಲ್ಲಿ ಕಹಿಯೂ ಆಗುವದು. ಎಷ್ಟೋ ಮನೆಗಳಲ್ಲಿ ‘ಹಣ್ಣೇ ಕೆಟ್ಟದ್ದು’ ಎಂದು ಚೆಲ್ಲಿಬಿಡುವರು. ಹಣ್ಣನ್ನು ಮೊದಲು ಕುದಿಸಿದರೆ ಕಿಣ್ವವು ಸಾಯುವದು. ಬಳಿಕ ಶಿರಾಕ್ಕೆ ಹಾಕಿದರೂ, ಕರಾವಳಿಯವರಂತೆ ಎಳ್ಳು ತೆಂಗು ಬೆಲ್ಲ ಕೂಡಿಸಿ ಮೆಣಸುಕಾಯಿ ಮಾಡಿದರೂ ಯಾವ ತೊಂದರೆಯೂ ಇಲ್ಲ. ಕಿಣ್ವವು ಹಣ್ಣಿನಲ್ಲಿರುವದಕ್ಕಿಂತ ಗಿಡದ ಬುಡದ ದಂಟಿನಲ್ಲಿ ಹೆಚ್ಚಾಗಿರುವದೆಂದು 1957ರಲ್ಲಿ ಕಂಡುಬಂದಿತು. ಅಂದಿನಿಂದ ಬೆಳೆ ತೆಗೆದ ಮೇಲೆ ಉಳಿಯುವ ದಂಟಿಗೂ ಬೆಲೆ ಬಂದಿತು. ಸುಟ್ಟಗಾಯಗಳ ಮೇಲಿನ ಸತ್ತ ಚರ್ಮವನ್ನು ಕರಗಿಸಿ ತೆಗೆಯಲು ಇದರಿಂದ ತಯಾರಿಸಿದ ಔಷಧಕ್ಕೆ ಯುರೋಪಿನಲ್ಲಿ 2012ರಲ್ಲಿಯೂ ಅಮೇರಿಕದಲ್ಲಿ 2022ರಲ್ಲಿಯೂ ಅನುಮತಿ ದೊರೆಯಿತು. ಇದನ್ನು ಓದಿ ಯಾರೂ ಮನೆಯಲ್ಲಿ ಗಾಯಕ್ಕೆ ಹಣ್ಣಿನ ರಸ ಹಚ್ಚತಕ್ಕದ್ದಲ್ಲ. ಅದು ವೈದ್ಯರ ಕೈಯಲ್ಲಿ ನಡೆಯುವ ಕೆಲಸ. ಎಳೆಯ ಕಾಯಿಯನ್ನು ತಿನ್ನುವದೂ ಒಳ್ಳೆಯದಲ್ಲ, ಗಂಟಲು ಕೆರೆದು ವಾಂತಿಭೇದಿಯಾಗುವ ಸಂಭವವುಂಟು. ಸಕ್ಕರೆ ಕಾಯಿಲೆಯವರು ಹಣ್ಣನ್ನೂ ಮಿತವಾಗಿ ತಿನ್ನಬೇಕು.

ಶಿರಗುಪ್ಪಿಯ ಮನೆತನಗಳಿಗೆ ಈ ಹಣ್ಣಿನಿಂದ ನಿಜವಾದ ಲಾಭವು ಹೊಲದಲ್ಲಿ ಅಲ್ಲ, ಅಡಿಗೆಯ ಮನೆಯಲ್ಲಿದೆ ಎಂದರೆ ತಪ್ಪಾಗಲಾರದು. ಹಣ್ಣನ್ನು ಕೆಡದಂತೆ ಕಾಪಾಡತಕ್ಕದ್ದು ಸಕ್ಕರೆ; ಸಕ್ಕರೆಯು ಈ ಸೀಮೆಯ ಬೆಳೆ. ಘಟ್ಟದ ಹಣ್ಣು ಅಗ್ಗವಾದ ದಿನಗಳಲ್ಲಿ ಹತ್ತಾರು ಹಣ್ಣು ತಂದು ಮೊರಬ್ಬವನ್ನೋ ಪಾನಕದ ರಸವನ್ನೋ ಮಾಡಿಟ್ಟುಕೊಳ್ಳುವದು ಕಷ್ಟದ ಕೆಲಸವಲ್ಲ. ಜಾಮಿಗೆ, ಸಿಪ್ಪೆ ಕಣ್ಣು ತೆಗೆದು ಹೆಚ್ಚಿ ಬೇಯಿಸಿದ ತಿರುಳು ಒಂದು ಕಿಲೋ ಇದ್ದರೆ ಸಕ್ಕರೆ ಮುಕ್ಕಾಲು ಕಿಲೋದಿಂದ ಒಂದು ಕಿಲೋ, ನಿಂಬೆಹುಳಿಯ ಉಪ್ಪು 5 ಗ್ರಾಂ ಕೂಡಿಸಿ, ಸೌಟಿನಿಂದ ಎತ್ತಿ ಬಿಟ್ಟಾಗ ಹನಿಹನಿಯಾಗಿ ಬೀಳದೆ ಹಾಳೆಯಂತೆ ಜಾರುವವರೆಗೆ ಕುದಿಸಬೇಕು. ಬಿಸಿಯಿರುವಾಗಲೇ ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿಗೆ ತುಂಬಬೇಕು. ಪಾನಕದ ರಸಕ್ಕೆ, ಸೋಸಿದ ಹಣ್ಣಿನ ರಸವು ಒಟ್ಟಿನಲ್ಲಿ ಕಾಲು ಪಾಲಿಗೆ ಕಡಿಮೆಯಿರಬಾರದು. ಉಳಿದುದು ಸಕ್ಕರೆಯ ಪಾಕ, ಸ್ವಲ್ಪ ಹುಳಿ. ತಿಂಗಳುಗಟ್ಟಲೆ ಇಡಬೇಕಾದರೆ ಪೊಟ್ಯಾಶಿಯಂ ಮೆಟಾಬೈಸಲ್ಫೈಟನ್ನು ಲೀಟರಿಗೆ 0.6 ಗ್ರಾಂನಂತೆ ತೂಗಿ ಹಾಕತಕ್ಕದ್ದು. ಇದು ಅಂದಾಜಿನಿಂದ ಹಾಕುವ ವಸ್ತುವಲ್ಲ. ಮಹಿಳಾ ಸಂಘಗಳವರು ಮಾರಾಟಕ್ಕಾಗಿ ಮಾಡುವದಾದರೆ ಆಹಾರ ಸುರಕ್ಷೆಯ ನೋಂದಣಿಯನ್ನು ಮಾಡಿಸಿಕೊಳ್ಳಬೇಕು. 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯವು ಹಣ್ಣಿನ ಸಂಸ್ಕರಣೆಯಲ್ಲಿ ತರಬೇತಿಯನ್ನು ಕೊಡುತ್ತದೆ.

ಹಣ್ಣಿನ ತೂಕದಲ್ಲಿ ದೊಡ್ಡ ಪಾಲು ಸಿಪ್ಪೆ, ನಡುದಂಟು, ಜುಟ್ಟುಗಳಿಗೆ ಹೋಗುವದು. ಸಿಪ್ಪೆಯನ್ನು ಚೆನ್ನಾಗಿ ತೊಳೆದು ಬೆಲ್ಲದ ನೀರಿನಲ್ಲಿ ಹುದುಗಿಸಿದರೆ ಮೊದಲು ಮದ್ಯದ ಅಂಶವೂ, ಗಾಳಿ ತಗಲುತ್ತ ಹೋದರೆ ಕ್ರಮೇಣ ಹುಳಿರಸ ಅರ್ಥಾತ್ ವಿನೆಗರೂ ಆಗುವದು. ಅದು ಉಪ್ಪಿನಕಾಯಿಗೆ ಬರುವದು. ದನಗಳಿಗೆ ಇದರ ಉಪಯೋಗವು ಇನ್ನೂ ಮಹತ್ವದ್ದು. ಸಿಪ್ಪೆ ಜುಟ್ಟುಗಳನ್ನು ರಾಶಿ ಹಾಕಿದರೆ ಒಂದೆರಡು ದಿನಗಳಲ್ಲಿ ನೊಣ, ಬೂಸಲು, ದುರ್ನಾತ. ಅವನ್ನೇ ಸಣ್ಣಗೆ ಕತ್ತರಿಸಿ, ತೇವ ಹೆಚ್ಚಾದುದನ್ನು ಬಾಡಿಸಿ, ಗಾಳಿಯಾಡದಂತೆ ತುಳಿದು ತುಂಬಿ ಮುಚ್ಚಿಟ್ಟರೆ ಮೂರು ವಾರಗಳಲ್ಲಿ ಹುಳಿಮೇವು ಸಿದ್ಧವಾಗುವದು. ಈ ವಿಧಾನವನ್ನು ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣಾ ಸಂಸ್ಥೆಯವರು ಕರ್ನಾಟಕದಲ್ಲಿ ಪ್ರಚಾರಕ್ಕೆ ತಂದಿರುವರು. ಕಬ್ಬಿನ ವಾಡಿಯನ್ನು ದನಗಳಿಗೆ ಹಾಕಿ ರೂಢಿಯಿರುವ ಕೃಷ್ಣಾತೀರದವರಿಗೆ ಇದು ಅಪರಿಚಿತವೆನಿಸಲಾರದು. ಒಮ್ಮೆಲೆ ಹೊಟ್ಟೆ ತುಂಬ ಹಾಕದೆ, ಒಣಮೇವಿನೊಡನೆ ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಬೇಕು.

ಎಲೆಯ ನಾರಿನ ಕಥೆಯು ಸೊಗಸಾದುದು. ಫಿಲಿಪೈನ್ಸ್ ದೇಶದ ಅಕ್ಲಾನ್ ಪ್ರಾಂತದಲ್ಲಿ ಅನಾನಸಿನ ಎಲೆಯನ್ನು ಕೈಯಿಂದ ಹೆರೆದು, ಕೂದಲಿಗಿಂತ ನವುರಾದ ಎಳೆ ತೆಗೆದು, ಒಂದೊಂದನ್ನೇ ಗಂಟಿಕ್ಕಿ ‘ಪಿನ್ಯಾ’ ಎಂಬ ಪಾರದರ್ಶಕ ವಸ್ತ್ರವನ್ನು ನೇಯುವರು. ಈ ನೇಕಾರಿಕೆಯನ್ನು ಯುನೆಸ್ಕೋ ಸಂಸ್ಥೆಯು 2023ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ನೂರು ಕಿಲೋ ಹಸಿ ಎಲೆಗೆ ಎರಡು ಮೂರು ಕಿಲೋ ನಾರು ಸಿಕ್ಕರೆ ಹೆಚ್ಚು. ತೆಗೆಯುವ ಯಂತ್ರವೂ ಕೊಳ್ಳುವ ಗಿರಾಕಿಯೂ ಹತ್ತಿರದಲ್ಲಿ ಇಲ್ಲದ ತನಕ ನಾರಿನ ಹಣವನ್ನು ತೋಟದ ಜಮೆಯ ಲೆಕ್ಕದಲ್ಲಿ ಬರೆಯತಕ್ಕದ್ದಲ್ಲ. ಸಸಿ ಮಾರುವವರು ಇಂಥ ಉಪಯೋಗಗಳನ್ನು ಎಣಿಸಿ ಎಣಿಸಿ ಹೇಳುವರು. ಅವುಗಳಲ್ಲಿ ಯಾವುದಕ್ಕೆ ತನ್ನ ಊರಿನಿಂದ ದಾರಿಯಿದೆಯೆಂಬುದನ್ನು ಕೇಳುವವನು ವಿಚಾರಿಸಬೇಕು.

ಇಷ್ಟಾದರೂ ಕಾಗವಾಡ ತಾಲೂಕಿನಲ್ಲಿ ಅನಾನಸನ್ನು ಮುಟ್ಟಲೇಬಾರದೆಂದು ಅರ್ಥವಲ್ಲ. ಎತ್ತರದ ಮಡ್ಡಿಯ ಹಗುರ ಭೂಮಿಯಿದ್ದು, ಮಣ್ಣನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆ ಮಾಡಿಸಿ, ರಸಸಾರವೂ ಸವಳೂ ಮಿತಿಯಲ್ಲಿವೆಯೆಂದು ಕಂಡುಬಂದರೆ, ಮಾವಿನ ಅಥವಾ ತೆಂಗಿನ ಸಾಲುಗಳ ನಡುವೆ ಒಂದೆರಡು ಗುಂಟೆಯಲ್ಲಿ ಪರೀಕ್ಷಾರ್ಥವಾಗಿ ನೆಡಬಹುದು. ಎತ್ತರದ ಮಡಿ, ಹನಿ ನೀರಾವರಿ, ಬುಡಕ್ಕೆ ಕಬ್ಬಿನ ರವದಿಯ ಹೊದಿಕೆ ಇವು ಇರಲೇಬೇಕು. ಏಪ್ರಿಲ್ ಮೇ ತಿಂಗಳ ಬಿಸಿಲಿಗೆ ಬಲಿಯುವ ಹಣ್ಣಿನ ಪಡುವಣ ಮಗ್ಗುಲು ಸುಡುವದರಿಂದ ಗಿಡದ ಎಲೆಗಳನ್ನೇ ಮೇಲೆತ್ತಿ ಹಣ್ಣಿಗೆ ಕಟ್ಟಬೇಕು, ಇಲ್ಲವೆ ಒಣಹುಲ್ಲು ಹೊದಿಸಬೇಕು. ಮೊದಲ ಹಣ್ಣಾದ ಮೇಲೆ ಬುಡದ ಒಂದೆರಡು ಕಂದುಗಳನ್ನು ಉಳಿಸಿಕೊಂಡರೆ ಕಬ್ಬಿನ ಕುಳೆಯಂತೆ ಎರಡನೆಯ ಬೆಳೆಯೂ ಬರುವದು. ಸಂದೇಹ ಬಂದಲ್ಲಿ ಅರಭಾವಿಯ ಕಿತ್ತೂರ ರಾಣಿ ಚೆನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದವರನ್ನು ಕೇಳಬಹುದು. ಶಿರಸಿಯಲ್ಲಿಯೂ ತೋಟಗಾರಿಕೆಯ ಮಹಾವಿದ್ಯಾಲಯವಿದೆ. ಬನವಾಸಿಗೆ ಹೋಗಿ ಕಣ್ಣಿನಿಂದ ನೋಡಿ ಬರುವದು ಎಲ್ಲಕ್ಕಿಂತ ಮೇಲು; ಹೋಗುವದಾದರೆ ಬೆಳೆಗಾರನನ್ನು ಹಣ್ಣಿನ ವಿಷಯ ಕೇಳಿದಷ್ಟೇ ಲಾರಿಯ ಬಾಡಿಗೆಯ ವಿಷಯವನ್ನೂ ಕೇಳಬೇಕು.

ಹಿತ್ತಲಿನ ಮಟ್ಟಿಗೆ ಯಾರೂ ಅಂಜಬೇಕಾಗಿಲ್ಲ. ಪೇಟೆಯಿಂದ ತಂದ ಹಣ್ಣಿನ ಜುಟ್ಟನ್ನು ತಿರುಚಿ ಕಿತ್ತು, ಅಂಟಿಕೊಂಡ ತಿರುಳನ್ನೆಲ್ಲ ತೆಗೆದು, ಕೆಳಗಿನ ಏಳೆಂಟು ಎಲೆಗಳನ್ನು ಸುಲಿದು, ಒಂದು ವಾರ ನೆರಳಿನಲ್ಲಿ ಒಣಗಿಸಬೇಕು. ಒಡೆದ ಕೊಡವೋ ಹಳೆಯ ಬುಟ್ಟಿಯೋ ಸಾಕು. ಎರೆಮಣ್ಣನ್ನು ಬಿಟ್ಟು ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಕೂಡಿಸಿ ತುಂಬಿ, ತಳದಲ್ಲಿ ನೀರು ಬಸಿಯಲು ತೂತು ಬಿಡಬೇಕು. ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುವಂತೆ ಮನೆಯ ಮೂಡಣ ಗೋಡೆಯ ಬದಿಗೆ ಇಟ್ಟು, ಮಣ್ಣು ಒಣಗಿದಾಗ ಮಾತ್ರ ನೀರು ಹಾಕುತ್ತ ಹೋಗಬೇಕು. ಜುಟ್ಟಿನ ಗಿಡವು ಕಂದಿನದಕ್ಕಿಂತ ತಡ. ಹಣ್ಣು ಕೈಗೆ ಬರಲು ಎರಡು ವರ್ಷವಾದರೂ ಬೇಕು. ಬುಡದ ಕಣ್ಣುಗಳು ಹಳದಿಯಾಗಿ, ಹಳದಿ ಬಣ್ಣವು ಹಣ್ಣಿನ ಕಾಲು ಪಾಲಿನಷ್ಟು ಮೇಲೇರಿದಾಗ, ಬೆಳಗಿನ ತಂಪಿನಲ್ಲಿ ನಾಲ್ಕು ಬೆರಳು ದಂಟು ಬಿಟ್ಟು ಕೊಯ್ಯತಕ್ಕದ್ದು.